ಏಳು ದಿನದ ನೀರು

ಕೊಟ್ಟ ಮಾತಿನ ಹೊತ್ತನ್ನು ಮೀರದವನು. ಪರರ ಮನೆಯ ಹೊಸ್ತಿಲನ್ನು ತಲೆಬಾಗದೆ ದಾಟದವನು. ಇಟ್ಟಿಗೆಯನ್ನು ಎಸೆಯದೆ, ಕೂಸನ್ನು ತೊಟ್ಟಿಲಿಗಿಡುವಂತೆ ಇಡುವವನು. ಮರಳಿನ ಪಾಲಿಗೆ ಸಿಮೆಂಟಿನ ಪಾಲು ಕುಂದಿದರೆ ಮನೆಯೊಡೆಯನಿಗೆ ತಿಳಿಯದಿದ್ದರೂ ಗೋಡೆಗೆ ತಿಳಿಯುತ್ತದೆಂದು ಅಂಜುವವನು. ಉಣ್ಣಲು ಕರೆದರೆ ಕೈಗಿಂತ ಮೊದಲು ಗಾರೆ ಬಳಿಯುವ ಕರಣೆಯನ್ನು ತೊಳೆಯುವವನು. ಆಳನ್ನು ಬೈದ ದಿನ ಸಂಜೆ ತಾನೇ ಮಾತಾಡಿಸಿ ಮನೆಗೆ ಕಳುಹಿಸುವವನು. ನಲವತ್ತು ವರ್ಷಗಳ ದುಡಿಮೆಯಲ್ಲಿ ತಾನು ಕಟ್ಟಿದ್ದರ ವಿಷಯವಾಗಿ ಒಂದು ಸುಳ್ಳನ್ನೂ ನುಡಿಯದವನು. ಹೊಗಳಿದಾಗ ಹಿಗ್ಗದೆ, ತಲೆತಗ್ಗಿಸಿ ಸುಮ್ಮನಾಗುವವನು. ಈ ಕಡೆಯ ಗುಣವನ್ನು ಜನ ವಿನಯವೆಂದು ಕರೆದರು. ಅದು ವಿನಯವೇ ಆಗಿತ್ತು. ಆದರೂ ಅದೇ ಗುಣ ಅವನ ಇಳಿವಯಸ್ಸಿನಲ್ಲಿ ಎದೆಯೊಳಗೆ ಮುರಿದ ಮುಳ್ಳಿನಂತೆ ನಿಂತುಬಿಟ್ಟಿತು.

ಅವನ ಹೆಸರು ಹುಚ್ಚರಂಗಯ್ಯ. ಹುಟ್ಟಿದ್ದು ಹುಳಿಯಾರಿನ ಬಡಗಣ ಸೀಮೆಯಲ್ಲಿ. ಗಾರೆ ಕೆಲಸ ಕಲಿತು, ಮದುವೆಯಾಗಿ, ನೆಲೆನಿಂತದ್ದು ಕಿಬ್ಬನಹಳ್ಳಿಯಲ್ಲಿ. ಹೆದ್ದಾರಿಯ ಬದಿಯ ಅಂಗಡಿಸಾಲಿನ ಹಿಂದೆ ಎರಡು ಕೋಣೆಯ ಮನೆ. ಒಬ್ಬಳೇ ಮಗಳು ರಾಧಾಮಣಿ, ಮದುವೆಯಾಗಿ ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಹೆಂಡತಿ ರಂಗಕ್ಕ.

ಸಿಮೆಂಟಿಗೆ ಕಾವಿ ಬೆರೆಸಿ, ಉಜ್ಜಿ ಉಜ್ಜಿ ನುಣುಪೇರಿಸಿದ ಕೆಂಪು ನೆಲಗಳ ಕಾಲದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕುಗಳಲ್ಲೂ ಹುಚ್ಚರಂಗಯ್ಯನ ಹೆಸರು ನಡೆಯುತ್ತಿತ್ತು. ಅವನು ಮಾಡಿದ ನೆಲ ಬಿರುಕು ಬಿಡುತ್ತಿರಲಿಲ್ಲ. ಅದರ ಮೇಲೆ ಒಂದು ಕಲೆ ಕಾಣುತ್ತಿರಲಿಲ್ಲ. ಬೇರೆ ಮೇಸ್ತ್ರಿಗಳ ನೆಲದಲ್ಲಿ ಮೋಡ ಕಟ್ಟಿದಂತೆ ಮಬ್ಬು ನಿಲ್ಲುತ್ತಿದ್ದಾಗ ಅವನ ನೆಲ ಮಾತ್ರ ಒಂದೇ ಬಣ್ಣದಲ್ಲಿ, ತುಂಬಿದ ಕೊಳದಂತೆ, ಗೋಡೆಯಿಂದ ಗೋಡೆಗೆ ಹರಡಿರುತ್ತಿತ್ತು. "ಏನ್ ಕೈ ಕಣಪ್ಪ ನಿಂದು" ಎಂದು ಮನೆಯವರು ಹೊಗಳುವರು. ಅವನು ತಲೆತಗ್ಗಿಸಿ ಸುಮ್ಮನಾಗುವನು. ಆ ಹೊತ್ತಿಗೆ ರಂಗಕ್ಕ ಹಿತ್ತಲಲ್ಲಿ ಗಾರೆ ಹೊತ್ತ ಬಾಂಡ್ಲಿಗಳನ್ನು ತೊಳೆಯುತ್ತಿರುವಳು.

ನೆಲ ಉಜ್ಜುವುದು ಅವನ ಕೆಲಸ. ನೀರು ಕುಡಿಸುವುದು ಅವಳದು. ಸಿಮೆಂಟು ಬಿಗಿದುಕೊಂಡ ಮೇಲೆ ಏಳು ದಿನ ಅದು ಒಣಗಕೂಡದು. ಒಣಗಿದರೆ ಮೇಲಿನ ಪೊರೆ ಸೀಳುತ್ತದೆ, ಒಳಗಿನ ಬಲ ಅರ್ಧಕ್ಕೆ ನಿಲ್ಲುತ್ತದೆ. ಈ ನಾಡಿನ ಮುಖ್ಯ ಬೆಳೆಯ ರೀತಿ ಇದಕ್ಕೆ ತದ್ವಿರುದ್ಧ. ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ಹನ್ನೊಂದು ತಿಂಗಳು ಕತ್ತಲಲ್ಲಿ ಒಣಗಲು ಬಿಟ್ಟು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಎಂದಾಗಲೇ ಅದಕ್ಕೆ ಬೆಲೆ. ಸಿಮೆಂಟಿಗೆ ಮಾತ್ರ ಒದ್ದೆಯೇ ಉಸಿರು. ರಂಗಕ್ಕ ಆ ಏಳು ದಿನವೂ ಬೆಳಗ್ಗೆ, ನಡುಹಗಲು, ಸಂಜೆ ಕೊಡ ಹೊತ್ತು ಬಂದು ನೀರು ಚಿಮುಕಿಸುವಳು. ಬರುವಾಗ ಕಂಕುಳಲ್ಲಿ ಒಂದು ಗಂಟು ತರುವಳು. ಅದರಲ್ಲಿ ಅವಳ ಹಳೆಯ ಸೀರೆಗಳು. ಬಣ್ಣ ಬಿಟ್ಟೂ ಬಿಟ್ಟೂ ಇನ್ನು ಬಿಡಲು ಬಣ್ಣವೇ ಉಳಿಯದ ನೂಲಿನ ಸೀರೆಗಳು. ಮೊದಲು ಸೀರೆ ಹಾಸಿ, ಅದರ ಮೇಲೆ ಒದ್ದೆ ಗೋಣಿತಾಟು ಹೊದಿಸುವಳು. ಗೋಣಿ ಸಾಲದೆ ಸೀರೆ ಹಾಸುತ್ತಾಳೆ ಎಂದೇ ಹುಚ್ಚರಂಗಯ್ಯ ನಲವತ್ತು ವರ್ಷ ತಿಳಿದಿದ್ದನು. ಒಂದು ದಿನವೂ ಕೇಳಲಿಲ್ಲ.

ಕಾಲ ಕಳೆಯಿತು. ಮನೆಮನೆಗೆ ಟೈಲ್ಸ್ ಬಂದವು. ನುಣುಪು ನೆಲ ಬೇಡುವವರು ಇಲ್ಲವಾದರು. ಹುಚ್ಚರಂಗಯ್ಯ ತಾರಸಿ, ಗೋಡೆಯ ಗಿಲಾವು, ನೀರಿನ ತೊಟ್ಟಿ ಎಂದು ಸಿಕ್ಕಿದ್ದನ್ನು ಮಾಡಿಕೊಂಡು ಅರವತ್ತೆರಡು ತುಂಬಿಸಿದನು. ಉಜ್ಜುವ ಕೈ ಹನ್ನೆರಡು ವರ್ಷ ಸುಮ್ಮನಿತ್ತು.

ಹೀಗಿರುವಾಗ ಹೊನ್ನವಳ್ಳಿಯಿಂದ ಕರೆ ಬಂತು. ಅಲ್ಲಿಯ ಮೀನಾಕ್ಷಮ್ಮನವರದು ತಲೆಮಾರುಗಳಿಂದ ಲಿಂಗಪೂಜೆ ನಡೆದುಬಂದ ಮನೆ. ಸುತ್ತ ತೆಂಗಿನ ತೋಟ. ಅಟ್ಟದ ಕೊಬ್ಬರಿ ಇಳಿಸುವ ದಿನಗಳಲ್ಲಿ ಇಪ್ಪತ್ತು ಮೂವತ್ತು ಆಳುಗಳಿಗೆ ತೋಟದಲ್ಲೇ ಅಡಿಗೆ. ಮೂರು ಕಲ್ಲು ಹೂಡಿ, ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಬೇಯಿಸಿ ಬೇಯಿಸಿ ಮೀನಾಕ್ಷಮ್ಮನವರ ಮಂಡಿಗಳು ಸೋತಿದ್ದವು. ಸೊಸೆ ಸಿಂಧು ಅದನ್ನು ನೋಡಲಾರದೆ, ಮನೆಯ ಪಕ್ಕದ ನೆರಳಲ್ಲಿ ನಿಂತು ಅಡಿಗೆ ಮಾಡಲು ಒಂದು ಕಾಂಕ್ರೀಟ್ ಕಟ್ಟೆ ಹಾಕಿಸಬೇಕೆಂದಳು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು: ಬಯಲಲ್ಲಿ ಉದ್ದನೆಯ ಬೂದುಬಣ್ಣದ ಹಾಸು, ಎಣ್ಣೆ ಹಚ್ಚಿದಂತೆ ನುಣುಪು.

"ಗ್ರಾನೈಟ್ ಬ್ಯಾಡ ಕಣ್ರೀ ಮೇಸ್ತ್ರಿ. ಹಿಂಗೇ ಬರ್ಬೇಕು, ಬರಿ ಸಿಮೆಂಟಲ್ಲೇ. ಆಗುತ್ತಾ ನಿಮ್ ಕೈಲಿ?"

ಹುಚ್ಚರಂಗಯ್ಯ ಆ ಚಿತ್ರವನ್ನು ಬಹಳ ಹೊತ್ತು ನೋಡಿದನು. ಉತ್ತರ ಕೊಟ್ಟವರು ಮೀನಾಕ್ಷಮ್ಮ.

"ಅವನ ಕೈಲಿ ಆಗುತ್ತಾ ಅಂತ ಕೇಳ್ತೀಯಲ್ಲೇ? ನಮ್ಮ ನಡುಮನೆ ನೆಲ ಯಾರ್ದು ಅಂದ್ಕೊಂಡಿದ್ದೀಯ? ನಾನು ಈ ಮನೆಗೆ ಬಂದ ವರ್ಷ ಅವನು ಮಾಡಿದ್ದು ಕಣೇ."

ಆ ದಿನ ಹುಚ್ಚರಂಗಯ್ಯ ಬಸ್ಸಿಳಿದು ಮನೆಗೆ ಬಂದಾಗ ಅವನ ನಡಿಗೆಯಲ್ಲೇ ಸುದ್ದಿ ಇತ್ತು.

"ಏನಯ್ಯ, ಮದುವೆ ಗಂಡಿನಂಗೆ ಬತ್ತಾ ಇದ್ದೀಯ?" ಎಂದಳು ರಂಗಕ್ಕ.

"ನುಣುಪು ಕೆಲ್ಸ ಕಣೇ. ಒಂಬತ್ತಡಿ ಕಟ್ಟೆ. ನೀನು ಬರ್ಬೇಕು."

"ನಾನಿಲ್ದೆ ನೀನು ಯಾವತ್ತು ಮಾಡಿದ್ದೆ?" ಎಂದು ಅವಳು ನಕ್ಕಳು. ಅಷ್ಟು ನಕ್ಕದ್ದಕ್ಕೇ ಅವಳಿಗೆ ಉಸಿರು ಹತ್ತಿತು. ಆರು ತಿಂಗಳಿಂದ ಅವಳ ಕಾಲುಗಳು ಬಾತಿದ್ದವು. ಹೃದಯ ದಣಿದಿದೆ, ಭಾರ ಎತ್ತಬಾರದು ಎಂದು ವೈದ್ಯರು ಹೇಳಿದ್ದರು. "ಕೊಡ ಹೊರಲ್ಲ ಕಣಯ್ಯ. ಅವರ ಮನೇಲಿ ಪೈಪ್ ಐತೆ. ಕೂತ್ಕಂಡೇ ನೀರು ಬುಡ್ತೀನಿ" ಎಂದು ಹೊರಟೇಬಿಟ್ಟಳು.

ಬಿಸಿಲು ಬಲಿತಿದ್ದ ಒಂದು ಗುರುವಾರ ಕಾಂಕ್ರೀಟು ಹಾಕುವ ದಿನ. ಎರಡು ಗಿಡ್ಡ ಗೋಡೆಗಳ ಮೇಲೆ ಹಲಗೆಯ ಅಚ್ಚು ಕೂರಿಸಿ, ಎಣ್ಣೆ ಸವರಿ, ಕಂಬಿಯ ಜಾಲರಿಯನ್ನು ತಳಕ್ಕೆ ತಾಗದಂತೆ ಎತ್ತರಿಸಿ ಕಟ್ಟಿದ್ದಾಗಿತ್ತು. ಜೊತೆಗೆ ತುರುವೇಕೆರೆಯ ಶಿವಮೂರ್ತಿ. ಅವನೂ ಮೇಸ್ತ್ರಿ, ಮೂವತ್ತು ವರ್ಷದ ಜೊತೆಗಾರ, ಬಾಯಿ ಸುಮ್ಮನಿರದವನು. ಸಣ್ಣ ಜಲ್ಲಿ, ತೊಳೆದ ಮರಳು, ಸಿಮೆಂಟು ಕಲೆಸಿ ಸುರಿದರು. ಅಚ್ಚಿನ ಅಂಚನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದಂತೆ ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆದ್ದು ಒಡೆಯಿತು. ರಸಮಟ್ಟ ಇಟ್ಟು ಸಮತಟ್ಟು ನೋಡಿ, ಹಲಗೆ ಎಳೆದು, ಮೇಲಿನ ನೀರು ಆರುವುದನ್ನು ಕಾದು, ಹುಚ್ಚರಂಗಯ್ಯ ಕರಣೆ ಹಿಡಿದನು. ಹನ್ನೆರಡು ವರ್ಷ ಸುಮ್ಮನಿದ್ದ ಕೈ ಯಾವುದನ್ನೂ ಮರೆತಿರಲಿಲ್ಲ.

"ಲೇ ರಂಗಯ್ಯ, ಇದೇನ್ಲಾ, ಒಲೆ ಇಡೋ ಕಟ್ಟೆನೋ, ಮುಖ ನೋಡ್ಕಳೋ ಕನ್ನಡಿನೋ? ಬುಡ್ಲಾ ಸಾಕು. ಉಜ್ಜಿ ಉಜ್ಜಿ ಅರ್ಧ ಇಂಚು ಸವೆಸ್ಬುಟ್ಟೀಯ" ಎಂದನು ಶಿವಮೂರ್ತಿ.

ತೆಂಗಿನ ಬುಡಕ್ಕೆ ಒರಗಿ ಕುಳಿತಿದ್ದ ರಂಗಕ್ಕ ಬಿಡಲಿಲ್ಲ. "ನಿನ್ ಕೆಲ್ಸ ನೋಡಿವ್ನಿ ಕಣಪ್ಪ ಶಿವಮೂರ್ತಿ. ನೀನು ಮಾಡಿದ ತೊಟ್ಟೀಲಿ ನೀರು ತುಂಬೋರು ದಣೀತಾರೆ, ತೊಟ್ಟಿ ತುಂಬಕ್ಕಿಲ್ಲ."

ಎಲ್ಲರೂ ನಕ್ಕರು. ಶಿವಮೂರ್ತಿಯೇ ಎಲ್ಲರಿಗಿಂತ ಹೆಚ್ಚು ನಕ್ಕನು.

ನಡುಹಗಲು ಇಳಿಯಿತು. ಕಟ್ಟೆ ಬೂದಿಬಣ್ಣದ ರೇಷ್ಮೆಯಂತೆ ಮಲಗಿತ್ತು. ಬೆರಳಿಟ್ಟರೆ ಗುರುತು ಬೀಳದಷ್ಟು ಬಿಗಿಯಲಿ, ಆಮೇಲೆ ಹೊದಿಸೋಣ ಎಂದು ರಂಗಕ್ಕ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಹೊತ್ತು ನೋಡಿ ಎದ್ದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ನೆಲ ಸಿಕ್ಕಲಿಲ್ಲ.

ಬಿದ್ದವಳನ್ನು ಎತ್ತಿ ಆಟೋದಲ್ಲಿ ಮಲಗಿಸಿದರು. ಅವಳ ಗಂಟನ್ನೇ ಅವಳ ತಲೆಯಡಿಗೆ ಇಟ್ಟರು. ಹೊರಡುವ ಗಡಿಬಿಡಿಯಲ್ಲೂ ಹುಚ್ಚರಂಗಯ್ಯ ಒಮ್ಮೆ ಕಟ್ಟೆಯ ಕಡೆ ತಿರುಗಿದನು. ಮೀನಾಕ್ಷಮ್ಮ ಆಟೋದ ಬಳಿಗೆ ಬಂದು ಅವನ ಕೈ ಹಿಡಿದರು.

"ನೀನು ಹೋಗಪ್ಪ. ಕಟ್ಟೆ ಯೋಚ್ನೆ ನಂಗೆ ಬುಡು. ಏನು ಮಾಡ್ಬೇಕು ಹೇಳು."

"ಒಣಗಬಾರದು ತಾಯಿ. ಏಳು ದಿನ. ಒಂದು ಗಳಿಗೇನೂ ಒಣಗಬಾರದು."

"ಒಣಗಲ್ಲ ಹೋಗು. ನನ್ನ ಇಷ್ಟಲಿಂಗದಾಣೆ, ಒಣಗಲ್ಲ."

ಅವನಿಗೆ ತಿಳಿದಿದ್ದುದು ಅಷ್ಟೇ. ಅಷ್ಟನ್ನು ಹೇಳಿದನು.

ತಿಪಟೂರಿನ ಆಸ್ಪತ್ರೆಯಲ್ಲಿ ರಂಗಕ್ಕನನ್ನು ಸೇರಿಸಿಕೊಂಡರು. ರಾಧಾಮಣಿ ಅಂಗಡಿಗೆ ಬೀಗ ಹಾಕಿ ಬಂದಳು. ಎರಡು ದಿನ ರಂಗಕ್ಕನಿಗೆ ಮಾತೇ ಇರಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟು ಮಗಳ ಕೈಯಿಂದ ನಾಲ್ಕು ಗುಟುಕು ಗಂಜಿ ಕುಡಿದಳು. ಅಂದೇ ವೈದ್ಯರು ಹುಚ್ಚರಂಗಯ್ಯನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ, ಹತ್ತಿರವೇ ಇರಿ ಎಂದರು. ಅವನು ಸರಿ ಎಂದು ತಲೆಯಾಡಿಸಿ, ಒಳಗೆ ಬಂದು, ಹೆಂಡತಿಯ ಕಾಲಿನ ಮೇಲೆ ಸರಿದಿದ್ದ ಹೊದಿಕೆಯನ್ನು ಸರಿಮಾಡಿ ಕುಳಿತನು.

ನಾಲ್ಕನೆಯ ದಿನ, ಭಾನುವಾರ ಬೆಳಗ್ಗೆ, ರಂಗಕ್ಕ ಮಗ್ಗುಲಾದಾಗ ಮಂಚದ ಕೆಳಗಿದ್ದ ಗಂಟು ಅವಳ ಕಣ್ಣಿಗೆ ಬಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು.

"ಏನಯ್ಯ, ಗಂಟು ಇಲ್ಲೇ ಐತಲ್ಲ."

"ಹೂಂ. ನಿನ್ ತಲೆದಿಂಬು ಮಾಡಿದ್ವಿ."

"ಹಂಗಾರೆ ಕಟ್ಟೆ ಮ್ಯಾಲೆ ಏನು ಹಾಕವ್ರೆ?"

"ಏನೋ ಹಾಕಿರ್ತಾರೆ ಬುಡು. ಅವ್ವಾರು ಹೊತ್ತೊತ್ತಿಗೂ ನೀರು ಬುಡ್ತಾ ಇರ್ತಾರೆ."

"ನೀರಲ್ಲ ನಾನು ಕೇಳಿದ್ದು." ಅವಳು ಉಸಿರಿಗಾಗಿ ತಡೆದು, ಮತ್ತೆ ಹೇಳಿದಳು. "ತೋಟದ ಜನ ಅವ್ರು. ಸಸಿ ಬುಡಕ್ಕೆ ಹಾಕ್ದಂಗೆ ಕಾಯಿ ಮಟ್ಟೆ ಹಾಕಿಬುಟ್ಟಾರು. ಹಸೀ ಮಟ್ಟೆ ಒಗರು ಬಿಡ್ತದೆ ಕಣಯ್ಯ. ಸಿಮೆಂಟು ಎಳೇದು, ಎಳೇ ಕೂಸು ಕೊಟ್ಟಿದ್ದೆಲ್ಲ ಕುಡೀತದೆ. ಆ ಕಲೆ ಆಮ್ಯಾಕೆ ಏನು ಮಾಡಿದ್ರೂ ಹೋಗಕ್ಕಿಲ್ಲ. ಹೊಸ ಗೋಣೀನೂ ಅಷ್ಟೇ. ಅದ್ಕೇ ನಾನು ಅಡೀಗೆ ಸೀರೆ ಹಾಸ್ತಿದ್ದದ್ದು."

ಹುಚ್ಚರಂಗಯ್ಯ ಅವಳ ಮುಖವನ್ನೇ ನೋಡುತ್ತ ಕುಳಿತನು. ತಾರಸಿಯ ಮೇಲೆ ಮಟ್ಟೆ ಹರಡಿದ ಆಳುಗಳನ್ನು ಅವಳು ಬೈದದ್ದು, ಹೊಸ ಗೋಣಿಗಳನ್ನು ಮೂರು ದಿನ ತೊಟ್ಟಿಯಲ್ಲಿ ನೆನೆಹಾಕಿ ನೀರು ತಿಳಿಯಾಗುವವರೆಗೆ ಹಿಂಡುತ್ತಿದ್ದುದು, ಎಲ್ಲವೂ ನೆನಪಾಯಿತು. ಹೆಂಗಸಿನ ಮಡಿ, ಹೆಂಗಸಿನ ಹಟ ಎಂದು ತಾನು ಬಿಟ್ಟುಬಿಟ್ಟಿದ್ದನು. ಮೂರು ತಾಲ್ಲೂಕು ಹೊಗಳಿದ ಆ ಕಲೆಯಿಲ್ಲದ ನೆಲಗಳ ಗುಟ್ಟು ಮಂಚದ ಕೆಳಗಿನ ಆ ಗಂಟಿನಲ್ಲಿತ್ತು.

"ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳಿದ್ದು ಯಾವಾಗ?" ಎಂದಳು. ಅದರಲ್ಲಿ ಕೋಪವಿರಲಿಲ್ಲ. "ಹೋಗಿ ನೋಡ್ಕಂಡು ಬಾ. ಬಸ್ಸಲ್ಲಿ ಅರ್ಧ ಗಂಟೆ ದಾರಿ. ಈ ಗಂಟು ತಕ್ಕೊಂಡು ಹೋಗು."

ಹೊನ್ನವಳ್ಳಿ ಅರ್ಧ ಗಂಟೆಯ ದಾರಿ ನಿಜ. ವೈದ್ಯರು ಹೇಳಿದ್ದು ಅವಳಿಗೆ ತಿಳಿಯದು. ಹುಚ್ಚರಂಗಯ್ಯ ಎದ್ದು ಹೋಗಲಿಲ್ಲ. ಫೋನು ತೆಗೆದು, ಅವಳೆದುರಿಗೇ ಮೀನಾಕ್ಷಮ್ಮನವರಿಗೆ ಕರೆ ಮಾಡಿದನು. ಕಿವಿಗೊತ್ತಿದ ಫೋನಿನಲ್ಲಿ ಅವರ ದನಿ ಉಕ್ಕಿ ಬಂತು.

"ರಂಗಕ್ಕ ಹೆಂಗವ್ಳಪ್ಪ? ಕಟ್ಟೆಗೆ ಏನೂ ಆಗಿಲ್ಲ ಕಣೋ, ಯೋಚ್ನೆ ಮಾಡ್ಬೇಡ. ಅವತ್ತೇ ತಾನೇ ಸುಲಿದಿದ್ದ ಒಳ್ಳೇ ಹಸೀ ಮಟ್ಟೆ ಇತ್ತು. ಬೋರಲಾಗಿ ಒತ್ತೊತ್ತಿಗೆ ಜೋಡಿಸಿದ್ದೀನಿ. ನಾನೇ ನಿಂತು ದಿನಕ್ಕೆ ಐದು ಸಲ ನೀರು ಬುಡ್ತಾ ಇದ್ದೀನಿ. ಬೆರಳಗಲ ಒಣಗಿದ್ರೆ ಕೇಳು."

ಮಟ್ಟೆ ತೆಗೆಯಿರಿ ತಾಯಿ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಆಡಿದರೆ ಮಂಚದ ಮೇಲಿನ ಎರಡು ಕಣ್ಣುಗಳಿಗೆ ಎಲ್ಲ ತಿಳಿಯುತ್ತದೆ. ತಿಳಿದರೆ, ತಾನು ಅಂದು ಬೀಳುವ ಮೊದಲೇ ಸೀರೆ ಹಾಸಿಬಿಡಬೇಕಿತ್ತು ಎಂಬ ಕೊರಗಿನಲ್ಲೇ ಅವಳು ಹೋಗುತ್ತಾಳೆ. ಹೊರಗೆ ಹೋಗಿ ಗುಟ್ಟಾಗಿ ಹೇಳಿದರೂ, ನೊಂದ ಮೀನಾಕ್ಷಮ್ಮ ಆಸ್ಪತ್ರೆಗೇ ಓಡಿ ಬಂದಾರು, ಅವಳಿಗೆ ತಿಳಿದೇಬಿಟ್ಟೀತು. ಕಳೆದ ಮೂರು ದಿನವೂ ಕಟ್ಟೆ ಆ ಒಗರನ್ನು ಕುಡಿದಿತ್ತು. ಇನ್ನು ಮೂರು ದಿನ ಕುಡಿದರೆ ಕಲೆ ಇನ್ನಷ್ಟು ಆಳಕ್ಕಿಳಿಯುತ್ತದೆ. ಎಲ್ಲವನ್ನೂ ಅವನು ಬಲ್ಲನು. ಅದು ಅವನ ಕೈಯ ಕಡೆಯ ನುಣುಪು ಕೆಲಸವಾಗಿರಬಹುದು ಎಂಬುದನ್ನೂ ಬಲ್ಲನು.

"ಸರಿ ತಾಯಿ" ಎಂದಷ್ಟೇ ಹೇಳಿ ಫೋನಿಟ್ಟನು. ಹೆಂಡತಿಯ ಕಡೆ ತಿರುಗಿ, "ಬಟ್ಟೆ ಹಾಕವ್ರಂತೆ ಕಣೇ" ಎಂದನು.

ನಲವತ್ತು ವರ್ಷದಲ್ಲಿ ತನ್ನ ಕೆಲಸದ ವಿಷಯವಾಗಿ ಅವನಾಡಿದ ಮೊದಲ ಸುಳ್ಳು ಇದು.

"ಎಂಥ ಬಟ್ಟೆ?"

ಸುಳ್ಳಿನ ಅಭ್ಯಾಸವಿಲ್ಲದವನು ತಡವರಿಸಿದನು. "ಪಂಚೆಯಂತೆ. ಅವರ ಯಜಮಾನ್ರ ಹಳೇ ಬಿಳೀ ಪಂಚೆ."

"ಪಂಚೆ ತೆಳ್ಳಗಾಯ್ತದೆ. ಎರಡು ಮಡಿಕೆ ಹಾಕಿ ಅನ್ನು."

"ಹೂಂ, ಅಂತೀನಿ."

"ಅಂಚು ಗಾಳಿಗೆ ಏಳ್ತದೆ. ಅಂಚಿಗೆ ಒದ್ದೆ ಮರಳು ಇಡಕ್ಕೆ ಹೇಳು."

"ಹೇಳ್ತೀನಿ ಕಣೇ. ನೀನು ಮಲಕ್ಕೊ."

ಅವಳು ಕಣ್ಣು ಮುಚ್ಚಿದಳು. ತುಟಿಯಂಚಿನಲ್ಲಿ ಏನೋ ನಗೆ ಇತ್ತು. ಅವಳು ನಂಬಿದಳೋ, ಗಂಡನ ಮುಖ ಓದಿ ನಂಬಿದಂತೆ ತೋರಿದಳೋ ರಾಧಾಮಣಿಗೂ ತಿಳಿಯಲಿಲ್ಲ. ಅಂದಿನಿಂದ ಅವಳು ಕಟ್ಟೆಯ ಮಾತೆತ್ತಲಿಲ್ಲ. ಮಂಗಳವಾರ ಮಧ್ಯಾಹ್ನ, ಗಂಡನ ಕೈ ತನ್ನ ಹಣೆಯ ಮೇಲಿರುವಾಗಲೇ ರಂಗಕ್ಕ ತೀರಿಕೊಂಡಳು. ಕಟ್ಟೆಗೆ ಅದು ಆರನೆಯ ದಿನ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ತೀರಿಕೊಂಡವರು ಉಟ್ಟ ಬಟ್ಟೆಗಳನ್ನು ಮನೆಯಲ್ಲಿಡಕೂಡದೆಂದು ನೆಂಟರು ಎಲ್ಲವನ್ನೂ ಮೂಟೆ ಕಟ್ಟಿದಾಗ ರಾಧಾಮಣಿ ಆ ಗಂಟಿಗೂ ಕೈ ಹಾಕಿದಳು. ಹುಚ್ಚರಂಗಯ್ಯ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡನು.

"ಅಪ್ಪ, ಅವ್ವನ ಬಟ್ಟೆ ಇಟ್ಕಬಾರ್ದು ಅಂತಾರೆ."

"ಇದು ಬಟ್ಟೆ ಅಲ್ಲ ಕಣವ್ವ. ಕರಣೆ ಇದ್ದಂಗೆ, ರಸಮಟ್ಟ ಇದ್ದಂಗೆ. ನಮ್ಮ ಕೆಲ್ಸದ ಸಾಮಾನು."

ಮರುದಿನ ಅವನು ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊನ್ನವಳ್ಳಿಗೆ ಹೋದನು. ಮೀನಾಕ್ಷಮ್ಮ ಬಾಗಿಲಲ್ಲೇ ಎದುರಾದರು. ಸಮಾಧಾನದ ಮಾತು ಎರಡಾಡಿದರು. ಕಟ್ಟೆಯ ಕಡೆಗೆ ಮಾತ್ರ ಅವನನ್ನು ಬಿಡಲೊಲ್ಲರು. "ಇವತ್ತು ಬ್ಯಾಡ ಕಣಪ್ಪ. ಇನ್ನೊಂದು ದಿನ ನೋಡಿದ್ರಾಯ್ತು. ಕಾಫಿ ಕುಡಿ" ಎಂದು ದಾರಿಗೆ ಅಡ್ಡ ನಿಂತರು. ಏಳನೆಯ ದಿನವೇ ಮಟ್ಟೆ ತೆಗೆದಿದ್ದರು. ಕಂಡದ್ದನ್ನು ಕಂಡು, ಮೇಲೊಂದು ಟಾರ್ಪಾಲು ಎಳೆದು, ಹೆಂಡತಿಯನ್ನು ಕಳೆದುಕೊಂಡವನಿಗೆ ಇದನ್ನು ಹೇಗೆ ಹೇಳುವುದೆಂದು ಅತ್ತೆ ಸೊಸೆ ಇಬ್ಬರೂ ಕುಗ್ಗಿಹೋಗಿದ್ದರು.

ಹುಚ್ಚರಂಗಯ್ಯ ಟಾರ್ಪಾಲು ಸರಿಸಿದನು.

ಬಿರುಕು ಒಂದೂ ಇರಲಿಲ್ಲ. ಕಟ್ಟೆ ಬಂಡೆಯಂತೆ ಬಿಗಿದಿತ್ತು. ಬೆರಳುಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನುಡಿಯಿತು. ಆದರೆ ಆ ಬೂದಿಬಣ್ಣದ ರೇಷ್ಮೆಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಒಂದೊಂದು ಮಟ್ಟೆ ಮಲಗಿದ್ದ ಕಡೆಯೂ ಕಂದು ಬಣ್ಣದ ಒಂದೊಂದು ಬಳೆ. ಸಾಲು ಸಾಲಾಗಿ, ಒಂದರ ಅಂಚು ಇನ್ನೊಂದಕ್ಕೆ ತಾಗಿ, ಒಂಬತ್ತಡಿಯ ತುಂಬ ಅವೇ. ಜೋಡಿಸಿದವರ ಶ್ರದ್ಧೆ ಅಷ್ಟು ಅಚ್ಚುಕಟ್ಟಾಗಿತ್ತು.

ಮೀನಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನ ಕೈಯಾರೆ ಕೆಡಿಸಿಬಿಟ್ಟೆ ಕಣೋ. ಸಸಿ ಸಾಕೋ ಹಂಗೆ ಸಾಕಿದೆ. ನಂಗೆ ಗೊತ್ತಾಗ್ಲಿಲ್ಲ."

"ನಿಮ್ ತಪ್ಪಲ್ಲ ತಾಯಿ" ಎಂದನು ಹುಚ್ಚರಂಗಯ್ಯ. "ನಾಲ್ಕನೇ ದಿನವೇ ನಂಗೆ ಗೊತ್ತಿತ್ತು. ನೀವು ಫೋನಲ್ಲಿ ಮಟ್ಟೆ ಅಂದಾಗ್ಲೇ ತೆಗೀರಿ ಅನ್ಬೋದಿತ್ತು. ಅನ್ಲಿಲ್ಲ. ಅವಳು ಕೇಳಿಸ್ಕಳ್ತಾ ಇದ್ಲು. ಬಟ್ಟೆ ಹಾಕವ್ರೆ ಅಂತ ಸುಳ್ಳು ಹೇಳಿದೆ."

ಸಿಂಧು ತಲೆತಗ್ಗಿಸಿದಳು. ಅವನು ಚೀಲದಿಂದ ಉಳಿ ತೆಗೆದನು. "ಒಡೆದು ಹೊಸದಾಗಿ ಹಾಕಿಕೊಡ್ತೀನಿ ತಾಯಿ. ಇದು ಇಲ್ಲಿರಬಾರ್ದು."

"ಮುಟ್ಟಬೇಡ" ಎಂದರು ಮೀನಾಕ್ಷಮ್ಮ. ಅಳು ನಿಂತಿತ್ತು. "ಸಾಯೋಳಿಗೆ ನೆಮ್ಮದಿ ಆಗ್ಲಿ ಅಂತ ನೀನು ಇದನ್ನ ಬಿಟ್ಟುಕೊಟ್ಟೆ. ಅದನ್ನ ನಾನು ಒಡೆಸ್ಲಾ? ನನ್ನ ಪಾತ್ರೆ ಇದರ ಮೇಲೇ ಕೂರ್ತವೆ."

"ಬಂದೋರು ಕೇಳ್ತಾರೆ, ಏನಿದು ಅಂತ."

"ಕೇಳ್ಲಿ. ಈ ಮುದುಕಿ ಮಟ್ಟೆ ಹಾಕಿ ಕೆಡಿಸಿದ್ಲು ಅಂತೀನಿ."

ಹುಚ್ಚರಂಗಯ್ಯ ಕಟ್ಟೆಯ ಮೇಲೊಮ್ಮೆ ಕೈಯಾಡಿಸಿದನು. ಆಮೇಲೆ ಉಳಿಯನ್ನು ಚೀಲಕ್ಕೆ ಹಾಕಿದನು. "ಅನ್ಬೇಡಿ ತಾಯಿ. ಕೇಳಿದ್ರೆ ನಾನೇ ಹೇಳ್ತೀನಿ."

ಮೂರು ದಿನ ಸಾಣೆಕಲ್ಲು ಹಿಡಿದು ಉಜ್ಜಿದನು. ಬಳೆಗಳು ಕೊಂಚ ತಿಳಿಯಾದವು; ಹೋಗಲಿಲ್ಲ. ಮೇಣ ಸವರಿ ಹೊಳಪು ಕೊಟ್ಟನು. ಹೊಳಪಿನ ಕೆಳಗೆ ಅವು ಇನ್ನೂ ಸ್ಪಷ್ಟವಾದವು.

ತಿಂಗಳು ಕಳೆದು ಅಟ್ಟದ ಕೊಬ್ಬರಿ ಇಳಿಸುವ ದಿನ ಬಂತು. ಕಾಯಿ ಸುಲಿಯುವವರು, ಒಡೆಯುವವರು ಎಂದು ಮೂವತ್ತು ಜನ ತೋಟದಲ್ಲಿ. ಮೀನಾಕ್ಷಮ್ಮ ಮೊದಲ ಸಲ ನಿಂತು ಅಡಿಗೆ ಮಾಡಿದರು. ಹುಚ್ಚರಂಗಯ್ಯನನ್ನೂ ಶಿವಮೂರ್ತಿಯನ್ನೂ ಊಟಕ್ಕೆ ಕರೆಸಿದ್ದರು. ಕೊಬ್ಬರಿ ಕೊಳ್ಳಲು ತಿಪಟೂರಿನಿಂದ ಬಂದಿದ್ದ ದಯಾನಂದ್ ಎಂಬ ವ್ಯಾಪಾರಿ ಕೈ ತೊಳೆಯಲು ಹೋದವನು ಕಟ್ಟೆಯ ಮುಂದೆ ನಿಂತು ಜೋರಾಗಿ ನಕ್ಕನು.

"ಏನ್ರೀ ಇದು, ಚಿರತೆ ಚರ್ಮ ಹಾಸಿದ್ದೀರಾ? ಯಾರ್ರೀ ಮೇಸ್ತ್ರಿ?"

ಬಾಯಿ ಸುಮ್ಮನಿರದ ಶಿವಮೂರ್ತಿ ಎಲೆಯತ್ತ ಬಗ್ಗಿದನು. ಮೀನಾಕ್ಷಮ್ಮ ಸೌಟು ಕೆಳಗಿಟ್ಟು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಹುಚ್ಚರಂಗಯ್ಯ ಎಲೆಯ ಮುಂದಿನಿಂದ ಎದ್ದು ನಿಂತನು. ಹೊಗಳಿಕೆಯ ಮುಂದೆ ಒಂದು ಮಾತೂ ಆಡದೆ ಬಾಳಿದವನು ಆ ದಿನ ಎಲ್ಲರಿಗೂ ಕೇಳುವಂತೆ ಮಾತಾಡಿದನು.

"ನಾನೇ ಸ್ವಾಮಿ ಮೇಸ್ತ್ರಿ. ಹುಚ್ಚರಂಗಯ್ಯ ಅಂತ. ನನ್ನ ನೆಲದಲ್ಲಿ ಕಲೆ ಇರಲ್ಲ ಅಂತ ಈ ಸೀಮೇಲಿ ಹೆಸ್ರು. ಒಳಗೆ ನಡುಮನೇಲಿ ಐತೆ, ಹೋಗಿ ನೋಡಿ. ಅದಕ್ಕೆ ನೀರು ಕುಡಿಸಿದ್ದು, ಬಟ್ಟೆ ಹೊದಿಸಿದ್ದು ನನ್ನ ಹೆಂಡ್ತಿ ರಂಗಕ್ಕ. ಅವಳು ಏನು ಮಾಡ್ತಿದ್ಲು ಅಂತ ನಲವತ್ತು ವರ್ಷ ನಾನು ಕೇಳ್ಲಿಲ್ಲ, ಯಾರಿಗೂ ಹೇಳ್ಲಿಲ್ಲ. ಜನ ಹೊಗಳ್ದಾಗ ಸುಮ್ಕಿದ್ದೆ. ಈ ಕಟ್ಟೆಗೆ ಅವಳ ಕೈ ತಾಗ್ಲಿಲ್ಲ. ನಾನೊಬ್ಬನೇ ಅಂದ್ರೆ ಎಷ್ಟು ಅಂತ ಇಲ್ಲಿ ಕಾಣ್ತದೆ."

ದಯಾನಂದ್ ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು, "ತಪ್ಪಾಯ್ತು ಮೇಸ್ತ್ರಿ, ಗೊತ್ತಿರ್ಲಿಲ್ಲ" ಎಂದನು. ಮೀನಾಕ್ಷಮ್ಮ ಬಂದು ಹುಚ್ಚರಂಗಯ್ಯನ ಎಲೆಗೆ ತಾವೇ ತುಪ್ಪ ಬಡಿಸಿದರು. ಅವನು ಕುಳಿತು ಉಂಡನು.

ಆ ಊಟಕ್ಕೆ ಬಂದಿದ್ದವರಲ್ಲೇ ಒಬ್ಬರು ಮುಂದಿನ ವಾರ ಅವನನ್ನು ಕರೆದರು. ತಮ್ಮ ತೋಟದ ಮನೆಗೂ ಒಂದು ಕಟ್ಟೆ ಬೇಕು ಎಂದರು. ಅವನು ಹಾಕಿದನು, ಉಜ್ಜಿದನು. ಬೆರಳಿಟ್ಟರೆ ಗುರುತು ಬೀಳದಷ್ಟು ಬಿಗಿದ ಮೇಲೆ ಗಂಟು ಬಿಚ್ಚಿದನು. ಮೊದಲ ಸೀರೆಯನ್ನು ಬಿಡಿಸಿದಾಗ ಅದರ ಸೆರಗಿನಲ್ಲಿ ಹಳೆಯ ಸಿಮೆಂಟಿನ ಒಂದು ಚಕ್ಕೆ ಅಂಟಿತ್ತು. ಯಾವ ಮನೆಯದೋ, ಯಾವ ವರ್ಷದ್ದೋ. ಅದನ್ನು ಉಗುರಿನಿಂದ ಬಿಡಿಸಿ, ಸೀರೆಯನ್ನು ನೀರಲ್ಲಿ ಅದ್ದಿ, ಎರಡು ಮಡಿಕೆ ಮಾಡಿ ಹಾಸಿದನು. ಅಂಚು ಗಾಳಿಗೆ ಏಳದಂತೆ ಒದ್ದೆ ಮರಳು ಇಟ್ಟನು. ಏಳು ದಿನವೂ ತಾನೇ ಬಂದು ನೀರು ಬಿಟ್ಟನು. ಎಂಟನೆಯ ದಿನ ಸೀರೆ ಎತ್ತಿದಾಗ ಕೆಳಗೆ ಒಂದೇ ಬಣ್ಣ, ತುಂಬಿದ ಕೊಳದಂತೆ. ಮನೆಯವರು ಹೊಗಳಿದರು. ಅವನು ಈ ಸಲ ಸುಮ್ಮನಾಗದೆ, "ನನ್ನ ಹೆಂಡ್ತಿ ಕೆಲ್ಸ ಸ್ವಾಮಿ ಇದು" ಎಂದು, ಹಿತ್ತಲಿಗೆ ಹೋಗಿ ಬಾಂಡ್ಲಿಗಳನ್ನು ತೊಳೆಯತೊಡಗಿದನು.

ತಡವಾಗಿಯಾದರೂ ಸಲ್ಲಬೇಕಾದವರಿಗೆ ಸಲ್ಲಬೇಕಾದ ಮಾತನ್ನು ಸಲ್ಲಿಸಿದ ಈ ಹುಚ್ಚರಂಗಯ್ಯನ ಕೈಗೆ ಕಸುವು ಕುಂದದಿರಲಿ. ಅವನ ಕರಣೆಗೆ ಕಿಲುಬು ಹತ್ತದಿರಲಿ. ರಾಧಾಮಣಿಯ ಅಂಗಡಿಯ ಬಾಗಿಲು ದಿನವೂ ನಗುನಗುತ್ತ ತೆರೆಯಲಿ. ಅವಳ ಮಡಿಲಿನ ಮಕ್ಕಳು ಅಜ್ಜಿಯ ಹೆಸರನ್ನು ಬಲ್ಲವರಾಗಿ ಬೆಳೆಯಲಿ. ಮನೆಮನೆಯ ನೆಲಕ್ಕೆ ನೀರೆರೆದು ತಾನು ಬಾಯಾರಿ ಹೋದ ರಂಗಕ್ಕನಿಗೆ, ಎಲ್ಲ ದಾಹವನ್ನೂ ತಣಿಸುವ ಸ್ವಾಮಿಯ ಪಾದದಡಿಯಲ್ಲಿ ತಂಪು ದೊರೆಯಲಿ. ಕಿಬ್ಬನಹಳ್ಳಿಯ ಆ ಎರಡು ಕೋಣೆಯ ಮನೆ ಎಂದೆಂದೂ ತಣ್ಣಗಿರಲಿ.